ರ‍್ಯಾಮ್ ತುಂಬಿದೆ ಎಂದರೆ ಯಂತ್ರ ಬಳಲಿದೆ ಎಂದಲ್ಲ: ಲಿನಕ್ಸ್ ಮೆಮೊರಿಯ ಒಳಲೆಕ್ಕ

ಲಿನಕ್ಸಿನ ತಿರುಳಾದ ಕರ್ನಲ್ ರ‍್ಯಾಮನ್ನು ಖಾಲಿ ಇಡುವುದಿಲ್ಲ. ನಡೆಯುತ್ತಿರುವ ಪ್ರೋಗ್ರಾಂಗಳಿಗೆ ಬೇಕಾದಷ್ಟನ್ನು ಕೊಟ್ಟು, ಮಿಕ್ಕ ಜಾಗದಲ್ಲಿ ಡಿಸ್ಕಿನಿಂದ ಒಮ್ಮೆ ಓದಿದ ಫೈಲುಗಳ ಪ್ರತಿಯನ್ನು ಇಟ್ಟುಕೊಳ್ಳುತ್ತದೆ. ಇದನ್ನೇ ಕ್ಯಾಶ್ ಎನ್ನುತ್ತಾರೆ. 4 ಜಿಬಿ ರ‍್ಯಾಮ್ ಇರುವ ಉಬುಂಟು ಕಂಪ್ಯೂಟರನ್ನು ಬೆಳಿಗ್ಗೆ ಚಾಲೂ ಮಾಡಿ, ಒಂದೆರಡು ತಾಸು ಕೆಲಸ ಮಾಡಿದ ಮೇಲೆ ನೋಡಿದರೆ ‘ಫ್ರೀ’ ಎಂಬ ಅಂಕಣದಲ್ಲಿ 200 ಎಂಬಿಯೂ ಇರದಿರಬಹುದು. ಹೊಸಬರು ಗಾಬರಿಯಾಗುವುದು ಇಲ್ಲಿಯೇ. ಸಿರುಗುಪ್ಪ, ಕುರುಗೋಡು ಕಡೆ ಕಾಲುವೆಗೆ ನೀರು ಬಿಟ್ಟಾಗ ಗದ್ದೆಯನ್ನು ಬೀಳು ಬಿಡುವವರಿಲ್ಲ. ಕರ್ನಲ್ ಕೂಡ ರ‍್ಯಾಮನ್ನು ಹಾಗೆಯೇ ನೋಡುತ್ತದೆ.

ಟರ್ಮಿನಲ್ ತೆರೆದು ‘ಫ್ರೀ’ ಎಂಬ ಆಜ್ಞೆಯನ್ನು, ಮುಂದೆ ಒಂದು ಅಡ್ಡಗೆರೆ ಮತ್ತು ‘ಎಚ್’ ಅಕ್ಷರ ಸೇರಿಸಿ ಕೊಟ್ಟರೆ ಮೆಮೊರಿಯ ಲೆಕ್ಕ ಜಿಬಿ, ಎಂಬಿಗಳಲ್ಲಿ ಬರುತ್ತದೆ. ಉದಾಹರಣೆಗೆ ಒಟ್ಟು 3.7 ಜಿಬಿ, ಫ್ರೀ 0.2 ಜಿಬಿ, ಬಫರ್-ಕ್ಯಾಶ್ 2.1 ಜಿಬಿ, ಅವೈಲಬಲ್ 1.9 ಜಿಬಿ ಎಂದಿದೆ ಎನ್ನೋಣ. ಇವುಗಳಲ್ಲಿ ನೋಡಬೇಕಾದ್ದು ಕೊನೆಯದನ್ನು ಮಾತ್ರ. ಹೊಸ ಪ್ರೋಗ್ರಾಂ ಒಂದನ್ನು ತೆರೆದರೆ, ಹೆಚ್ಚಾದ ಮೆಮೊರಿಯನ್ನು ಇಳಿಸಿಡುವ ಡಿಸ್ಕಿನ ಜಾಗವಾದ ಸ್ವಾಪ್‌ಗೆ ಕೈ ಹಾಕದೆ ಸುಮಾರು ಎಷ್ಟು ಮೆಮೊರಿ ಒದಗಿಸಬಹುದು ಎಂದು ಕರ್ನಲ್ ಮಾಡಿದ ಅಂದಾಜು ಅದು. ಈ ಅಂದಾಜನ್ನು ಕರ್ನಲ್ ತಾನೇ ಹೇಳತೊಡಗಿದ್ದು 2014ರಲ್ಲಿ, 3.14ನೇ ಆವೃತ್ತಿಯಿಂದ. ಅದಕ್ಕೂ ಮೊದಲು ಬಳಕೆದಾರರು ಫ್ರೀಗೆ ಕ್ಯಾಶ್ ಕೂಡಿಸಿ ತಾವೇ ಲೆಕ್ಕ ಹಾಕುತ್ತಿದ್ದರು, ಬಹಳ ಸಲ ತಪ್ಪಾಗಿ. ಕ್ಯಾಶ್ ಎಂದು ತೋರಿಸುವುದೆಲ್ಲ ಬಿಟ್ಟುಕೊಡಬಹುದಾದದ್ದಲ್ಲ. ಪ್ರೋಗ್ರಾಂಗಳು ತಮ್ಮತಮ್ಮಲ್ಲಿ ಹಂಚಿಕೊಂಡ ಮೆಮೊರಿಯೂ, ರ‍್ಯಾಮಿನಲ್ಲೇ ಕಟ್ಟಿದ ಟಿಎಂಪಿಎಫ್ಎಸ್ ಎಂಬ ತಾತ್ಕಾಲಿಕ ಕಡತವ್ಯವಸ್ಥೆಯೂ ಅದೇ ಅಂಕಣದಲ್ಲಿ ಸೇರಿರುತ್ತವೆ. ಮೇಲಿನ ಉದಾಹರಣೆಯಲ್ಲಿ 0.2ಕ್ಕೆ 2.1 ಕೂಡಿಸಿದರೆ 2.3 ಆಗಬೇಕು, ಆದರೆ ಅವೈಲಬಲ್ 1.9 ಮಾತ್ರ ಇರುವುದಕ್ಕೆ ಇದೇ ಮುಖ್ಯ ಕಾರಣ. ‘ಯೂಸ್ಡ್’ ಅಂಕಣದ ಬಗ್ಗೆ ಒಂದು ಎಚ್ಚರಿಕೆ: ಈ ಆಜ್ಞೆಯ ಹೊಸ ಆವೃತ್ತಿಗಳು ಒಟ್ಟಿನಿಂದ ಅವೈಲಬಲ್ ಕಳೆದು ಅದನ್ನು ತೋರಿಸುತ್ತವೆ, ಹಳೆಯವು ಫ್ರೀ ಮತ್ತು ಕ್ಯಾಶ್ ಎರಡನ್ನೂ ಕಳೆದು ತೋರಿಸುತ್ತಿದ್ದವು. ಹಾಗಾಗಿ ಎರಡು ಯಂತ್ರಗಳ ಯೂಸ್ಡ್ ಅಂಕಿಯನ್ನು ಪಕ್ಕಪಕ್ಕ ಇಟ್ಟು ತೂಗುವುದು ವ್ಯರ್ಥ.

ಈ ತಿಳಿವಳಿಕೆ ಸರ್ವರ್ ನೋಡಿಕೊಳ್ಳುವವರಿಗಷ್ಟೇ ಬೇಕಾದದ್ದಲ್ಲ. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ತಂತ್ರಜ್ಞಾನ ತರಬೇತಿಯಲ್ಲಿ ಉಬುಂಟು ಬಳಕೆಯಾಗಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಗ್ನು/ಲಿನಕ್ಸ್ ನಡೆಯುತ್ತದೆ. ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ಕೊಳಗಲ್ಲಿನಂಥ ಊರಿನಲ್ಲಿ 2 ಜಿಬಿ, 4 ಜಿಬಿ ರ‍್ಯಾಮಿನ ಹಳೆಯ ಯಂತ್ರವನ್ನು ಇನ್ನೂ ಐದು ವರ್ಷ ದುಡಿಸಬೇಕು ಎನ್ನುವವರಿಗೆ ಮೆಮೊರಿಯ ನಡೆ ಗೊತ್ತಿದ್ದಷ್ಟೂ ಖರ್ಚು ಕಡಿಮೆ.

ಪುಟಗಳ ಲೆಕ್ಕ

ಕರ್ನಲ್ ರ‍್ಯಾಮನ್ನು ಬೈಟ್ ಬೈಟಾಗಿ ಹಂಚುವುದಿಲ್ಲ, ಪುಟಗಳಾಗಿ ಹಂಚುತ್ತದೆ. ಸಾಮಾನ್ಯ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಒಂದು ಪುಟಕ್ಕೆ 4096 ಬೈಟ್. 4 ಜಿಬಿ ಎಂದರೆ 10,48,576 ಪುಟಗಳು. ಪ್ರತಿ ಪುಟವೂ ಯಾರ ಕೈಯಲ್ಲಿದೆ, ಇತ್ತೀಚೆಗೆ ಬಳಕೆಯಾಗಿದೆಯೇ, ಅದರಲ್ಲಿನ ಮಾಹಿತಿ ಬದಲಾಗಿದೆಯೇ ಎಂಬ ದಾಖಲೆ ಕರ್ನಲ್ ಬಳಿ ಇರುತ್ತದೆ.

ಪ್ರೋಗ್ರಾಂಗಳಿಗೆ ಮಾತ್ರ ಈ ನಿಜವಾದ ಪುಟಗಳ ವಿಳಾಸ ಗೊತ್ತಿರುವುದಿಲ್ಲ. ಪ್ರತಿ ಪ್ರೋಗ್ರಾಂಗೂ ಅದರದ್ದೇ ಆದ ಕಲ್ಪಿತ ವಿಳಾಸಗಳ ವಿಸ್ತಾರವೊಂದು ಸಿಗುತ್ತದೆ. 48 ಬಿಟ್ ವಿಳಾಸದ ಯಂತ್ರದಲ್ಲಿ ಆ ವಿಸ್ತಾರ ಒಟ್ಟು 256 ಟಿಬಿ. ಅದರಲ್ಲಿ ಅರ್ಧ ಪ್ರೋಗ್ರಾಂಗೆ, ಅರ್ಧ ಕರ್ನಲ್‌ಗೆ. ಕಲ್ಪಿತ ವಿಳಾಸ ಯಾವ ನಿಜ ಪುಟಕ್ಕೆ ಸೇರುತ್ತದೆ ಎಂಬುದು ನಾಲ್ಕು ಹಂತದ ಪುಟಕೋಷ್ಟಕದಲ್ಲಿ ದಾಖಲಾಗಿರುತ್ತದೆ. ಪ್ರತಿ ಸಲ ನಾಲ್ಕು ಹಂತ ಹುಡುಕಿದರೆ ಕೆಲಸ ನಿಧಾನವಾದೀತೆಂದು ಪ್ರೊಸೆಸರ್ ಇತ್ತೀಚಿನ ಉತ್ತರಗಳನ್ನು ಟಿಎಲ್‌ಬಿ ಎಂಬ ಪುಟ್ಟ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ.

ಪ್ರೋಗ್ರಾಂ ಮೆಮೊರಿ ಕೇಳಿದ ಕ್ಷಣದಲ್ಲೇ ಕರ್ನಲ್ ಪುಟ ಕೊಡುವುದಿಲ್ಲ. ಕೊಟ್ಟೆ ಎನ್ನುತ್ತದೆ, ಅಷ್ಟೇ. ಪ್ರೋಗ್ರಾಂ ಆ ವಿಳಾಸವನ್ನು ಮೊದಲ ಸಲ ಮುಟ್ಟಿದಾಗ ‘ಪೇಜ್ ಫಾಲ್ಟ್’ ಉಂಟಾಗಿ, ಆಗ ನಿಜವಾದ ಪುಟ ಕೈಸೇರುತ್ತದೆ. ಹೆಸರಿನಲ್ಲಿ ಫಾಲ್ಟ್ ಇದ್ದರೂ ಇದು ದೋಷವಲ್ಲ, ದಿನನಿತ್ಯದ ವ್ಯವಹಾರ. ಬೇಕಾದ ಪುಟ ರ‍್ಯಾಮಿನಲ್ಲೇ ಇದ್ದರೆ ಅದು ಮೈನರ್ ಫಾಲ್ಟ್. ಡಿಸ್ಕಿನಿಂದ ತರಬೇಕಾಗಿ ಬಂದರೆ ಮೇಜರ್ ಫಾಲ್ಟ್. ನಿಧಾನವಾಗುವುದು ಎರಡನೆಯದರಿಂದ.

‘ಟಾಪ್’ ಆಜ್ಞೆಯ ಅಂಕಣಗಳು ಹೆದರಿಸುವುದೂ ಇದೇ ಕಾರಣಕ್ಕೆ. ಅಲ್ಲಿ ‘ವಿರ್ಟ್’ ಎಂಬುದು ಪ್ರೋಗ್ರಾಂಗೆ ಒಪ್ಪಿಸಿದ ಕಲ್ಪಿತ ವಿಸ್ತಾರ. ಬ್ರೌಸರಿನ ಎದುರು ಅದು ಹತ್ತಾರು ಜಿಬಿ ತೋರಿಸಿದರೂ ಆಶ್ಚರ್ಯಪಡಬೇಕಿಲ್ಲ. ‘ರೆಸ್’ ಎಂಬುದು ನಿಜವಾಗಿ ರ‍್ಯಾಮಿನಲ್ಲಿರುವುದು. ಅದರಲ್ಲೂ ಒಂದು ಗೋಜಲಿದೆ. ಹತ್ತು ಪ್ರೋಗ್ರಾಂಗಳು ಒಂದೇ ಲೈಬ್ರರಿಯನ್ನು ಬಳಸಿದರೆ ರ‍್ಯಾಮಿನಲ್ಲಿರುವುದು ಅದರ ಒಂದೇ ಪ್ರತಿ, ಆದರೆ ಹತ್ತರ ಲೆಕ್ಕಕ್ಕೂ ಅದು ಸೇರುತ್ತದೆ. ಎಲ್ಲ ರೆಸ್‌ಗಳನ್ನು ಕೂಡಿಸಿದರೆ ಯಂತ್ರದ ಒಟ್ಟು ರ‍್ಯಾಮನ್ನೂ ಮೀರಬಹುದು. ಹಂಚಿಕೊಂಡದ್ದನ್ನು ಪಾಲು ಮಾಡಿ ಹೇಳುವ ‘ಪಿಎಸ್ಎಸ್’ ಅಂಕಿಯೇ ನ್ಯಾಯವಾದದ್ದು; ‘ಎಸ್‌ಮೆಮ್’ ಎಂಬ ಸಾಧನ ಅದನ್ನು ತೋರಿಸುತ್ತದೆ.

ಪೇಜ್ ಕ್ಯಾಶ್

ರ‍್ಯಾಮಿನಿಂದ ಮಾಹಿತಿ ಪಡೆಯಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅದೇ ಕೆಲಸಕ್ಕೆ 5ರಿಂದ 10 ಮಿಲಿಸೆಕೆಂಡ್ ಬೇಕು, ಅಂದರೆ ಲಕ್ಷ ಪಟ್ಟಿನ ಆಸುಪಾಸು. ಎಸ್ಎಸ್‌ಡಿ ಈ ಅಂತರವನ್ನು ಬಹಳ ತಗ್ಗಿಸಿದೆ, ಆದರೂ ರ‍್ಯಾಮಿಗೆ ಹೋಲಿಸಿದರೆ ಅದು ನೂರಾರು ಪಟ್ಟು ನಿಧಾನ. ಪೇಜ್ ಕ್ಯಾಶ್ ಇರುವುದು ಈ ಅಂತರಕ್ಕಾಗಿ.

ಪ್ರೋಗ್ರಾಂ ಒಂದು ಫೈಲನ್ನು ಓದಲು ಕೇಳಿದಾಗ ಕರ್ನಲ್ ಮೊದಲು ಪೇಜ್ ಕ್ಯಾಶ್‌ನಲ್ಲಿ ಹುಡುಕುತ್ತದೆ. ಸಿಕ್ಕರೆ ಡಿಸ್ಕನ್ನು ಮುಟ್ಟುವುದೇ ಇಲ್ಲ. ಸಿಗದಿದ್ದರೆ ಡಿಸ್ಕಿನಿಂದ ಓದಿ, ಒಂದು ಪ್ರತಿಯನ್ನು ಕ್ಯಾಶ್‌ನಲ್ಲಿ ಉಳಿಸಿಕೊಂಡು ಪ್ರೋಗ್ರಾಂಗೆ ಕೊಡುತ್ತದೆ. ಫೈಲನ್ನು ಸಾಲಾಗಿ ಓದುತ್ತಿರುವುದು ಕಂಡುಬಂದರೆ ಕೇಳುವ ಮೊದಲೇ ಮುಂದಿನ ಭಾಗವನ್ನೂ ತಂದಿಡುತ್ತದೆ. ಸಾಮಾನ್ಯವಾಗಿ ಹೀಗೆ ತರುವ ಮಿತಿ 128 ಕೆಬಿ. ಲಿಬ್ರೆಆಫೀಸ್ ಬೆಳಿಗ್ಗೆ ಮೊದಲ ಸಲ ನಿಧಾನವಾಗಿ ತೆರೆದು, ಮುಚ್ಚಿ ಮತ್ತೆ ತೆರೆದಾಗ ಥಟ್ಟನೆ ಬರುವುದು ಇದರಿಂದಲೇ. ಪ್ರೋಗ್ರಾಂ ಮುಚ್ಚಿದರೂ ಅದರ ಫೈಲುಗಳು ಕ್ಯಾಶ್‌ನಲ್ಲಿ ಉಳಿದಿರುತ್ತವೆ.

ಫೈಲಿನ ಒಳಗಿನ ಮಾಹಿತಿಯಷ್ಟೇ ಅಲ್ಲ, ಫೋಲ್ಡರುಗಳ ಹೆಸರು, ಫೈಲಿನ ಗಾತ್ರ, ಒಡೆತನ ಮುಂತಾದ ವಿವರಗಳೂ ರ‍್ಯಾಮಿನಲ್ಲಿ ಉಳಿಯುತ್ತವೆ. ಇವು ಇರುವುದು ‘ಸ್ಲ್ಯಾಬ್’ ಎಂಬ ಭಾಗದಲ್ಲಿ. ಲಕ್ಷಗಟ್ಟಲೆ ಸಣ್ಣ ಫೈಲುಗಳಿರುವ ಯಂತ್ರದಲ್ಲಿ ಬ್ಯಾಕಪ್ ತೆಗೆದ ಮೇಲೆ ಸ್ಲ್ಯಾಬ್ ಉಬ್ಬಿರುವುದು ಸಹಜ. ‘ಬಫರ್’ ಮತ್ತು ‘ಕ್ಯಾಶ್’ ಬೇರೆಬೇರೆಯಾಗಿದ್ದ ಕಾಲ 2001ರ 2.4ನೇ ಆವೃತ್ತಿಯೊಂದಿಗೆ ಬಹುಮಟ್ಟಿಗೆ ಮುಗಿಯಿತು. ಈಗ ಆ ಎರಡು ಹೆಸರುಗಳು ಹಳೆಯ ರೂಢಿಯಿಂದ ಉಳಿದಿವೆ.

ಬರೆಯುವಾಗ ಇರುವ ಅಪಾಯ

ಓದುವ ಕ್ಯಾಶ್‌ನಿಂದ ಲಾಭವೇ ಹೊರತು ನಷ್ಟವಿಲ್ಲ. ಬರೆಯುವಾಗಿನ ಮಾತು ಬೇರೆ. ಪ್ರೋಗ್ರಾಂ ಫೈಲನ್ನು ಸೇವ್ ಮಾಡಿದಾಗ ಮಾಹಿತಿ ಮೊದಲು ಸೇರುವುದು ಪೇಜ್ ಕ್ಯಾಶ್‌ಗೆ. ಡಿಸ್ಕಿಗೆ ಇನ್ನೂ ಹೋಗದ ಇಂಥ ಪುಟಗಳನ್ನು ‘ಡರ್ಟಿ’ ಎನ್ನುತ್ತಾರೆ. ಕರ್ನಲ್ ಸುಮಾರು 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯದಾದ ಡರ್ಟಿ ಪುಟಗಳನ್ನು ಡಿಸ್ಕಿಗೆ ಬರೆಯುತ್ತದೆ. ಬಳಕೆಗೆ ಸಿಗುವ ಮೆಮೊರಿಯ ಶೇ. 10ರಷ್ಟು ಡರ್ಟಿಯಾದರೆ ವಯಸ್ಸು ನೋಡದೆ ಹಿನ್ನೆಲೆಯಲ್ಲಿ ಬರೆಯಲು ತೊಡಗುತ್ತದೆ. ಶೇ. 20 ಮುಟ್ಟಿದರೆ ಬರೆಯುತ್ತಿರುವ ಪ್ರೋಗ್ರಾಂ ಅನ್ನೇ ತಡೆದು ನಿಲ್ಲಿಸುತ್ತದೆ. ಇವು ಕರ್ನಲ್‌ನ ಮೂಲ ಅಂಕಿಗಳು; ಕೆಲವು ವಿತರಣೆಗಳು ಬದಲಿಸಿಕೊಂಡಿರುತ್ತವೆ.

ಇದರ ಅರ್ಥ ಸ್ಪಷ್ಟ. ಬೇಸಿಗೆಯಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಊರಿನಲ್ಲಿ, ಯುಪಿಎಸ್ ಇಲ್ಲದ ಕಂಪ್ಯೂಟರಿನ ಕಳೆದ ಅರ್ಧ ನಿಮಿಷದ ಕೆಲಸ ರ‍್ಯಾಮಿನಲ್ಲಷ್ಟೇ ಇದ್ದಿರಬಹುದು. ಎಕ್ಸ್ಟ್4 ಕಡತವ್ಯವಸ್ಥೆಯಲ್ಲಿರುವ ಜರ್ನಲ್ ಡಿಸ್ಕಿನ ರಚನೆ ಕೆಡದಂತೆ ಕಾಯುತ್ತದೆ, ಆದರೆ ಡಿಸ್ಕನ್ನು ತಲುಪದ ಅಕ್ಷರಗಳನ್ನು ಮರಳಿಸಲಾರದು. ಡೇಟಾಬೇಸ್ ಮತ್ತು ಒಳ್ಳೆಯ ಬರಹ ತಂತ್ರಾಂಶಗಳು ‘ಎಫ್‌ಸಿಂಕ್’ ಎಂಬ ಕರೆಯ ಮೂಲಕ ಈಗಲೇ ಬರೆ ಎಂದು ಕರ್ನಲ್‌ಗೆ ಒತ್ತಾಯಿಸುತ್ತವೆ. ಬಳಕೆದಾರರು ‘ಸಿಂಕ್’ ಆಜ್ಞೆ ಕೊಟ್ಟರೂ ಆಗುತ್ತದೆ. ಅದು ಮುಗಿದು ಟರ್ಮಿನಲ್ ಮತ್ತೆ ಸಿದ್ಧವಾಯಿತೆಂದರೆ ಬಾಕಿ ಇದ್ದದ್ದು ಡಿಸ್ಕಿಗೆ ಹೋಗಿದೆ ಎಂದು ತಿಳಿಯಬಹುದು.

ಪೆನ್‌ಡ್ರೈವಿನ ವಿಚಿತ್ರ ವರ್ತನೆಗೂ ಇದೇ ಮೂಲ. ರ‍್ಯಾಮ್ ಹೆಚ್ಚಿರುವ ಯಂತ್ರದಿಂದ 1 ಜಿಬಿಯ ಮದುವೆ ವಿಡಿಯೊ ಕಾಪಿ ಮಾಡಿದರೆ ಪರದೆಯ ಪಟ್ಟಿ ಕೆಲವೇ ಸೆಕೆಂಡಿನಲ್ಲಿ ಕೊನೆ ಮುಟ್ಟುತ್ತದೆ. ಮುಗಿಯಿತೆಂದು ಪೆನ್‌ಡ್ರೈವ್ ಕಿತ್ತರೆ ಇನ್ನೊಂದು ಕಂಪ್ಯೂಟರಿನಲ್ಲಿ ವಿಡಿಯೊ ಅರ್ಧಕ್ಕೇ ನಿಲ್ಲುತ್ತದೆ. ಪಟ್ಟಿ ತೋರಿಸಿದ್ದು ರ‍್ಯಾಮಿಗೆ ಬರೆದ ಲೆಕ್ಕವನ್ನು. ನಿಧಾನದ ಪೆನ್‌ಡ್ರೈವಿಗೆ ಅದು ಇಳಿಯಲು ಇನ್ನೂ ಹಲವು ನಿಮಿಷ ಬೇಕು. ‘ಇಜೆಕ್ಟ್’ ಒತ್ತಿ, ತೆಗೆಯಬಹುದು ಎಂಬ ಸೂಚನೆ ಬರುವವರೆಗೆ ಕಾಯುವುದೊಂದೇ ಉಪಾಯ. ಪದೇ ಪದೇ ಈ ಕೆಲಸ ಮಾಡುವ ಫೋಟೊ ಸ್ಟುಡಿಯೊ, ಡಿಟಿಪಿ ಅಂಗಡಿಗಳಲ್ಲಿ ಡರ್ಟಿ ಮಿತಿಯನ್ನು ಶೇಕಡಾವಾರಿನ ಬದಲು 50 ಅಥವಾ 100 ಎಂಬಿ ಎಂದು ಕಟ್ಟಿಹಾಕಿದರೆ ಪಟ್ಟಿಯ ಮಾತು ನಿಜಕ್ಕೆ ಹತ್ತಿರವಾಗುತ್ತದೆ.

ಜಾಗ ಸಾಲದಾದಾಗ

ಖಾಲಿ ಪುಟಗಳು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ‘ಕೆ-ಸ್ವಾಪ್-ಡಿ’ ಎಂಬ ಕರ್ನಲ್ ಕೆಲಸಗಾರ ಎಚ್ಚರಗೊಂಡು ಪುಟಗಳನ್ನು ಬಿಡಿಸತೊಡಗುತ್ತದೆ. ಯಾವುದನ್ನು ಬಿಡಿಸಬೇಕು ಎಂಬುದು ಮೆಮೊರಿ ನಿರ್ವಹಣೆಯ ಅತ್ಯಂತ ಕಷ್ಟದ ಪ್ರಶ್ನೆ. ಮುಂದೆ ಯಾವ ಪುಟ ಬೇಕಾದೀತು ಎಂದು ಯಾರೂ ಹೇಳಲಾರರು, ಹಾಗಾಗಿ ಹಿಂದಿನ ಬಳಕೆಯಿಂದ ಊಹಿಸಬೇಕು. ಲಿನಕ್ಸ್ ಬಹುಕಾಲ ಪುಟಗಳನ್ನು ಸಕ್ರಿಯ, ನಿಷ್ಕ್ರಿಯ ಎಂದು ಎರಡು ಸಾಲುಗಳಲ್ಲಿ ಇಟ್ಟು, ನಿಷ್ಕ್ರಿಯ ಸಾಲಿನ ಬಾಲದಿಂದ ತೆಗೆಯುತ್ತ ಬಂದಿದೆ. ತೆಗೆಯುವ ಮೊದಲೇ ಮತ್ತೆ ಬಳಕೆಯಾದ ಪುಟ ಸಕ್ರಿಯ ಸಾಲಿಗೆ ಏರುತ್ತದೆ. ಒಂದೇ ಸಲ ಓದಿದ ದೊಡ್ಡ ಸಿನಿಮಾ ಫೈಲು ದಿನವಿಡೀ ಬೇಕಾಗುವ ಪುಟಗಳನ್ನು ಹೊರದೂಡದಿರಲಿ ಎಂಬುದು ಇದರ ಉದ್ದೇಶ. ಗೂಗಲ್‌ನ ಯು ಝಾವೊ ರೂಪಿಸಿದ, ಪುಟಗಳನ್ನು ಹಲವು ತಲೆಮಾರುಗಳಾಗಿ ವಿಂಗಡಿಸುವ ಹೊಸ ವಿಧಾನ 2022ರ ಡಿಸೆಂಬರಿನ 6.1ನೇ ಆವೃತ್ತಿಯಲ್ಲಿ ಸೇರಿತು.

ಬಿಡಿಸುವ ಪುಟಗಳಲ್ಲಿ ಎರಡು ಜಾತಿ. ಫೈಲಿನಿಂದ ಬಂದು ಬದಲಾಗದೆ ಉಳಿದದ್ದನ್ನು ಸುಮ್ಮನೆ ಬಿಟ್ಟುಬಿಡಬಹುದು. ಬೇಕಾದರೆ ಫೈಲಿನಿಂದ ಮತ್ತೆ ಓದಿದರಾಯಿತು. ಪ್ರೋಗ್ರಾಂ ತಾನೇ ತುಂಬಿದ, ಯಾವ ಫೈಲಿಗೂ ಸೇರದ ಪುಟಗಳಿಗೆ ಆ ಅನುಕೂಲವಿಲ್ಲ. ಅವುಗಳನ್ನು ಎಲ್ಲಾದರೂ ಬರೆದಿಟ್ಟೇ ತೆಗೆಯಬೇಕು. ಆ ಜಾಗವೇ ಸ್ವಾಪ್. ಎರಡರಲ್ಲಿ ಯಾವುದರ ಕಡೆ ಎಷ್ಟು ವಾಲಬೇಕೆಂದು ‘ಸ್ವಾಪಿನೆಸ್’ ಎಂಬ ಅಂಕಿ ಹೇಳುತ್ತದೆ. ಅದರ ಮೂಲ ಬೆಲೆ 60, 2020ರ 5.8ನೇ ಆವೃತ್ತಿಯಿಂದ ಅದನ್ನು 200ರವರೆಗೂ ಏರಿಸಬಹುದು. ಅದನ್ನು 10ಕ್ಕೆ ಇಳಿಸಿದರೆ ಯಂತ್ರ ಚುರುಕಾಗುತ್ತದೆ ಎಂಬ ಸಲಹೆ ಎಲ್ಲೆಲ್ಲೂ ಕೇಳಿಬರುತ್ತದೆ. ಎಲ್ಲ ಯಂತ್ರಕ್ಕೂ ಅದು ಹೊಂದುವುದಿಲ್ಲ: ಸ್ವಾಪ್ ತಪ್ಪಿಸಲು ಹೋಗಿ ಪೇಜ್ ಕ್ಯಾಶನ್ನೇ ಹಿಂಡಿದರೆ, ಪ್ರೋಗ್ರಾಂಗಳ ಕೋಡನ್ನೇ ಮತ್ತೆ ಮತ್ತೆ ಡಿಸ್ಕಿನಿಂದ ಓದಬೇಕಾಗುತ್ತದೆ.

ಸ್ವಾಪ್‌ನಲ್ಲಿ 500 ಎಂಬಿ ಬಳಕೆಯಾಗಿದೆ ಎಂಬುದೂ ರೋಗಲಕ್ಷಣವಲ್ಲ. ಬೆಳಿಗ್ಗೆ ಒಮ್ಮೆ ಬಳಕೆಯಾಗಿ ಮತ್ತೆ ಯಾರೂ ಮುಟ್ಟದ ಪುಟಗಳು ಅಲ್ಲಿ ಕುಳಿತಿರಬಹುದು. ನೋಡಬೇಕಾದ್ದು ಓಡಾಟವನ್ನು. ‘ವಿಎಂಸ್ಟ್ಯಾಟ್ 1’ ಎಂಬ ಆಜ್ಞೆ ಸೆಕೆಂಡಿಗೊಂದು ಸಾಲು ತೋರಿಸುತ್ತದೆ. ಅದರಲ್ಲಿ ‘ಎಸ್ಐ’, ‘ಎಸ್ಒ’ ಅಂಕಣಗಳು ಸತತವಾಗಿ ಸೊನ್ನೆಗಿಂತ ಹೆಚ್ಚಿದ್ದರೆ ಪುಟಗಳು ಒಳಗೂ ಹೊರಗೂ ಎಡೆಬಿಡದೆ ಸಾಗುತ್ತಿವೆ, ಯಂತ್ರಕ್ಕೆ ನಿಜವಾಗಿ ರ‍್ಯಾಮ್ ಸಾಲುತ್ತಿಲ್ಲ ಎಂದರ್ಥ. 2018ರ ಡಿಸೆಂಬರಿನ 4.20ನೇ ಆವೃತ್ತಿಯಿಂದ ಕರ್ನಲ್ ಇನ್ನೂ ನೇರವಾದ ಅಳತೆಯೊಂದನ್ನು ಕೊಡುತ್ತಿದೆ. ಪ್ರಾಕ್ ಫೋಲ್ಡರಿನ ಒಳಗೆ ‘ಪ್ರೆಶರ್’ ಎಂಬಲ್ಲಿ ಇರುವ ‘ಮೆಮೊರಿ’ ಫೈಲನ್ನು ತೆರೆದರೆ, ಕಳೆದ 10, 60 ಮತ್ತು 300 ಸೆಕೆಂಡುಗಳಲ್ಲಿ ಶೇಕಡಾ ಎಷ್ಟು ಸಮಯ ಕೆಲಸಗಳು ಮೆಮೊರಿಗಾಗಿ ಕಾದು ನಿಂತವು ಎಂಬುದು ಸಿಗುತ್ತದೆ.

ಕಡಿಮೆ ರ‍್ಯಾಮಿನ ಯಂತ್ರಕ್ಕೆ ಡಿಸ್ಕ್ ಸ್ವಾಪ್‌ಗಿಂತ ‘ಝಡ್-ರ‍್ಯಾಮ್’ ಒಳ್ಳೆಯದು. ಇದು ರ‍್ಯಾಮಿನ ಒಂದು ಭಾಗವನ್ನೇ ಸ್ವಾಪ್ ಆಗಿ ಬಳಸಿ, ಪುಟಗಳನ್ನು ಕುಗ್ಗಿಸಿ ಇಡುತ್ತದೆ. ಸಾಮಾನ್ಯ ಮಾಹಿತಿ ಅರ್ಧಕ್ಕಿಂತ ಕಡಿಮೆಗೆ ಕುಗ್ಗುವುದು ಅಪರೂಪವಲ್ಲ. ನಿತಿನ್ ಗುಪ್ತಾ ಅವರ ‘ಕಾಂಪ್‌ಕ್ಯಾಶ್’ ಯೋಜನೆಯಿಂದ ಬೆಳೆದ ಇದು 2014ರಲ್ಲಿ ಕರ್ನಲ್‌ನ ಖಾಯಂ ಭಾಗವಾಯಿತು. ಇಂದಿನ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಅದೇ ಕೆಲಸ ಮಾಡುತ್ತಿದೆ. ಫೋನಿನ ಇತ್ತೀಚಿನ ಆ್ಯಪ್‌ಗಳನ್ನೆಲ್ಲ ಗಳಿಗೆಗೊಮ್ಮೆ ಗುಡಿಸಿಹಾಕುವ ಅಭ್ಯಾಸದಿಂದ ಲಾಭವಿಲ್ಲದಿರುವುದೂ ಈ ಕಾರಣಕ್ಕೆ: ಜಾಗ ಬೇಕಾದಾಗ ಆಂಡ್ರಾಯ್ಡ್ ತಾನೇ ತೆಗೆಯುತ್ತದೆ, ಗುಡಿಸಿದ ಆ್ಯಪ್ ಮತ್ತೆ ತೆರೆದಾಗ ಮೊದಲಿನಿಂದ ಓದಬೇಕಾಗಿ ಬ್ಯಾಟರಿಯೇ ಹೆಚ್ಚು ಖರ್ಚಾಗುತ್ತದೆ.

ಹಾರ್ಡ್ ಡಿಸ್ಕೇ ಇಲ್ಲದ ಲಿನಕ್ಸ್ ಯಂತ್ರವನ್ನು ಕರ್ನಾಟಕ ಬಹಳ ಮೊದಲೇ ಕಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಸೇರಿ ರೂಪಿಸಿದ ಸಿಂಪ್ಯೂಟರ್, ಫ್ಲ್ಯಾಶ್ ಸಂಗ್ರಹ ಮತ್ತು ಹತ್ತಾರು ಎಂಬಿ ರ‍್ಯಾಮಿನಲ್ಲೇ ಲಿನಕ್ಸ್ ನಡೆಸುತ್ತಿದ್ದ ಕೈಗಣಕ. ಇಂದಿನ ಬ್ರೌಸರಿನ ಒಂದು ಟ್ಯಾಬಿಗೇ ಅದಕ್ಕಿಂತ ಹೆಚ್ಚು ಬೇಕು.

ಕೊನೆಯ ಅಸ್ತ್ರ, ಮತ್ತು ಬೆಂಗಳೂರಿನ ಪಾಲು

ಕೇಳಿದ ಕ್ಷಣದಲ್ಲಿ ಪುಟ ಕೊಡದೆ ಕೊಟ್ಟೆ ಎಂದಷ್ಟೇ ಹೇಳುವುದರಿಂದ, ಕರ್ನಲ್ ಇರುವುದಕ್ಕಿಂತ ಹೆಚ್ಚು ಮೆಮೊರಿಯ ಮಾತು ಕೊಟ್ಟಿರಬಹುದು. ಎಲ್ಲರೂ ಒಮ್ಮೆಲೇ ಕೇಳಿ, ಬಿಡಿಸಲು ಪುಟಗಳೂ ಉಳಿಯದಿದ್ದಾಗ ‘ಔಟ್ ಆಫ್ ಮೆಮೊರಿ’ ಸ್ಥಿತಿ ಬರುತ್ತದೆ. ಆಗ ಕರ್ನಲ್ ಪ್ರತಿ ಪ್ರೋಗ್ರಾಂಗೂ ಅಂಕ ಹಾಕಿ, ಹೆಚ್ಚು ಮೆಮೊರಿ ಹಿಡಿದದ್ದನ್ನು ಕೊಲ್ಲುತ್ತದೆ. ಮುಖ್ಯವಾದ ಪ್ರೋಗ್ರಾಂಗೆ ಮೈನಸ್ 1000ದಷ್ಟು ರಿಯಾಯಿತಿ ಕೊಟ್ಟರೆ ಅದು ಸಂಪೂರ್ಣವಾಗಿ ಪಾರಾಗುತ್ತದೆ. ಬ್ರೌಸರ್ ಏನೂ ಹೇಳದೆ ಮಾಯವಾದರೆ ‘ಡಿಮೆಸೆಜ್’ ಆಜ್ಞೆಯಲ್ಲಿ ‘ಕಿಲ್ಡ್ ಪ್ರೋಸೆಸ್’ ಎಂಬ ಸಾಲಿದೆಯೇ ಎಂದು ಹುಡುಕಬೇಕು. ಉಬುಂಟು 22.04ರ ಡೆಸ್ಕ್‌ಟಾಪ್‌ನಿಂದ ‘ಸಿಸ್ಟಮ್‌ಡಿ-ಊಮ್‌ಡಿ’ ಎಂಬ ಇನ್ನೊಂದು ಕಾವಲುಗಾರ, ಯಂತ್ರ ಪೂರ್ತಿ ಹೆಪ್ಪುಗಟ್ಟುವ ಮೊದಲೇ ಈ ಕೆಲಸ ಮಾಡುತ್ತದೆ. ಅದರ ದಾಖಲೆ ‘ಜರ್ನಲ್‌ಸಿಟಿಎಲ್’ನಲ್ಲಿ ಸಿಗುತ್ತದೆ.

ಒಂದು ಕೆಲಸದ ಹಸಿವಿಗೆ ಇನ್ನೊಂದು ಬಲಿಯಾಗದಂತೆ ಮೆಮೊರಿಗೆ ಬೇಲಿ ಹಾಕುವ ವ್ಯವಸ್ಥೆಯೂ ಇದೆ. ಪ್ರೋಗ್ರಾಂಗಳ ಗುಂಪು ಮಾಡಿ, ಪ್ರತಿ ಗುಂಪಿನ ರ‍್ಯಾಮ್ ಮತ್ತು ಪೇಜ್ ಕ್ಯಾಶ್ ಬಳಕೆಗೆ ಮಿತಿ ಹಾಕುವ ಈ ‘ಮೆಮೊರಿ ಕಂಟ್ರೋಲರ್’ ಕರ್ನಲ್‌ಗೆ ಸೇರಿದ್ದು 2008ರ ಏಪ್ರಿಲಿನಲ್ಲಿ, 2.6.25ನೇ ಆವೃತ್ತಿಯಲ್ಲಿ. ಅದನ್ನು ಮುಂದೆ ನಿಂತು ಬರೆದವರು ಐಬಿಎಂನ ಭಾರತದ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿದ್ದ ಬಲ್ಬೀರ್ ಸಿಂಗ್. ಆ ಕೇಂದ್ರದ ನೆಲೆ ಬೆಂಗಳೂರು. ಡಾಕರ್, ಕುಬರ್ನೆಟಿಸ್ ಎಂದು ಇಂದು ಜಗತ್ತಿನ ಸರ್ವರುಗಳಲ್ಲಿ ನಡೆಯುವ ಕಂಟೇನರುಗಳ ಮೆಮೊರಿ ಮಿತಿ ನಿಂತಿರುವುದು ಈ ಕೆಲಸದ ಮೇಲೆ. ನಗರದ ಐಟಿ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಕ್ಯಾಶ್ ಖಾಲಿ ಮಾಡಬೇಕೆ?

‘ಡ್ರಾಪ್ ಕ್ಯಾಶಸ್’ ಎಂಬ ಫೈಲಿಗೆ 3 ಎಂದು ಬರೆದರೆ ಕರ್ನಲ್ ಬಿಡಬಹುದಾದ ಕ್ಯಾಶನ್ನೆಲ್ಲ ಬಿಟ್ಟುಬಿಡುತ್ತದೆ. 2006ರಿಂದ ಇರುವ ಈ ಸೌಲಭ್ಯ ಪರೀಕ್ಷೆ, ಅಳತೆಗಳಿಗಾಗಿ ಇರುವಂಥದ್ದು. ಗಂಟೆಗೊಮ್ಮೆ ಇದನ್ನು ತಾನಾಗಿ ನಡೆಸುವ ಏರ್ಪಾಡು ಮಾಡಿಕೊಂಡವರು ‘ಫ್ರೀ’ ಅಂಕಣ ಏರುವುದನ್ನು ನೋಡಿ ಸಮಾಧಾನಪಡುತ್ತಾರೆ. ಮರುಕ್ಷಣದಿಂದ ಪ್ರತಿ ಫೈಲನ್ನೂ ಡಿಸ್ಕಿನಿಂದ ಮತ್ತೆ ಓದಬೇಕಾಗಿ ಯಂತ್ರ ಇನ್ನಷ್ಟು ನಿಧಾನವಾಗುತ್ತದೆ. ದಿನನಿತ್ಯದ ಬಳಕೆಯಲ್ಲಿ ಇದನ್ನು ಮಾಡಲೇಬಾರದು.

ಹಳೆಯ ಯಂತ್ರ ನಿಧಾನವಾಗಿದ್ದರೆ ಮೊದಲು ಅವೈಲಬಲ್ ಅಂಕಿ ನೋಡಬೇಕು. ಅದು ಒಟ್ಟಿನ ಶೇ. 20ಕ್ಕಿಂತ ಹೆಚ್ಚಿದ್ದು, ಎಸ್ಐ ಮತ್ತು ಎಸ್ಒ ಸೊನ್ನೆಯಾಗಿದ್ದರೆ ತೊಂದರೆ ರ‍್ಯಾಮಿನದಲ್ಲ; ಹಾರ್ಡ್ ಡಿಸ್ಕನ್ನು ಸಂಶಯಿಸಬೇಕು, ಅದರ ಬದಲು ಸಣ್ಣ ಎಸ್ಎಸ್‌ಡಿ ಹಾಕಿದರೆ ಫಲ ಹೆಚ್ಚು. ಅವೈಲಬಲ್ ಕುಸಿದು ಸ್ವಾಪ್ ಓಡಾಟ ನಿಲ್ಲದಿದ್ದರೆ ಬ್ರೌಸರ್ ಟ್ಯಾಬುಗಳನ್ನು ಕಡಿಮೆ ಮಾಡಿ, ಝಡ್-ರ‍್ಯಾಮ್ ಹಾಕಿ, ಗ್ನೋಮ್ ಬದಲು ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿಯಂಥ ಹಗುರ ಡೆಸ್ಕ್‌ಟಾಪ್ ಬಳಸಿ ನೋಡಬೇಕು. ಅಷ್ಟಕ್ಕೂ ಬಗ್ಗದಿದ್ದರೆ ರ‍್ಯಾಮ್ ಕೊಳ್ಳುವುದೇ ದಾರಿ. ಅಂಗಡಿಗೆ ಹೋಗುವ ಮೊದಲು ‘ಡಿಎಂಐ-ಡಿಕೋಡ್’ ಆಜ್ಞೆಯಿಂದ ಯಂತ್ರದಲ್ಲಿರುವುದು ಡಿಡಿಆರ್3ಯೋ ಡಿಡಿಆರ್4ಯೋ, ಖಾಲಿ ಸ್ಲಾಟ್ ಇದೆಯೋ ಎಂದು ಬರೆದುಕೊಂಡು ಹೋಗಿ. ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ.